ಚಂದ್ರಾಮನ ನಾಚಿಕಿ

ಇಂಡಿ ತಾಲೂಕಿನಲ್ಲಿ ಹುಟ್ಟಿಯೂ ನಿಂಬೆಹಣ್ಣಿನ ವಾಸನೆ ಬಂದರೆ ಎದ್ದು ಹೊರಗೆ ಹೋಗುವ ಮನುಷ್ಯ ಯಾರಾದರೂ ಇದ್ದಾನೆಯೇ ಎಂದು ಕೇಳಿದರೆ, ಇದ್ದಾನೆ, ಅವನ ಹೆಸರು ಚಂದ್ರಾಮ. ಝಳಕಿಯಿಂದ ಮೂರು ಮೈಲಿ ಒಳಗೆ ಅವನ ಊರು. ಮನೆಯ ಹಿಂದೆ ನಿಂಬೆಯ ತೋಟ, ಪಡಸಾಲೆಯಲ್ಲಿ ನಿಂಬೆಯ ಚೀಲ, ತಾಟಿನಲ್ಲಿ ನಿಂಬೆಯ ಉಪ್ಪಿನಕಾಯಿ. ಅಂಥ ಮನೆಯವನಿಗೆ ನಿಂಬೆ ಆಗುವುದಿಲ್ಲ ಅಂದರೆ ಜನ ನಗದೆ ಬಿಡುತ್ತಾರೆಯೇ? ನಕ್ಕರು. ಯಾಕೆ ಆಗುವುದಿಲ್ಲ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಮ್ಮ ಜನಕ್ಕೆ ಕೇಳುವ ಅಭ್ಯಾಸ ಇಲ್ಲ, ಹೆಸರಿಡುವ ಅಭ್ಯಾಸ ಇದೆ.

ಚಂದ್ರಾಮನ ಹುಡುಗತನಕ್ಕೂ ಹೀಗೇ ಒಂದು ಹೆಸರಿಟ್ಟರು. ನಾಚಿಕಿ.

ತಾಯಿ ತಂದೆ ಇಬ್ಬರೂ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಸಾಕಿದ್ದು ಅಕ್ಕ ಸಿದ್ದವ್ವ. ಅವಳನ್ನು ಮುದ್ದೇಬಿಹಾಳ ತಾಲೂಕಿನ ನಾಲತವಾಡಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಉಳಿದವರು ಕಾಕಾ ಶ್ರೀಶೈಲಪ್ಪ ಮತ್ತು ಕಾಕಾನ ಮಗ ಸೋಮನಿಂಗ. ಸೋಮನಿಂಗನಿಗೂ ಚಂದ್ರಾಮನಿಗೂ ಹನ್ನೆರಡೇ ದಿನದ ಅಂತರ. ಒಂದೇ ತೊಟ್ಟಿಲಲ್ಲಿ ಮಲಗಿದವರು, ಒಂದೇ ಸಾಲಿಗೆ ಹೋದವರು. ಅದಕ್ಕೇ ಮುಂದೆ ಇವನನ್ನು ಅವನ ಪಕ್ಕ ನಿಲ್ಲಿಸಿ ಅಳೆಯುವುದು ಎಲ್ಲರಿಗೂ ಸುಲಭವಾಯಿತು.

ಎಂಟನೇ ಇಯತ್ತೆಗೆ ಬರುವ ಹೊತ್ತಿಗೆ ಓಣಿಯ ಹುಡುಗರು ಬಾವಿಯ ದಂಡೆಗೆ ಕುಳಿತು ಹುಡುಗಿಯರ ಮಾತು ಆಡತೊಡಗಿದರು. ಯಾರು ಯಾವಳ ಹಿಂದೆ ಸೈಕಲ್ ಹೊಡೆದ, ಯಾರಿಗೆ ಯಾರು ತಿರುಗಿ ನೋಡಿದಳು, ಬರೀ ಇದೇ. ಸೋಮನಿಂಗನಿಗೆ ಬಾಯಿ ನಿಲ್ಲುತ್ತಿರಲಿಲ್ಲ. ಚಂದ್ರಾಮ ನೀರಿಗೆ ಹಳ್ಳು ಒಗೆಯುತ್ತ ಸುಮ್ಮನೆ ಕೂಡುತ್ತಿದ್ದ. ಅವನ ಕಣ್ಣು ಹುಡುಗಿಯರ ಕಡೆ ಹೋಗುತ್ತಿರಲಿಲ್ಲ. ಯಾರ ಕಡೆ ಹೋಗುತ್ತಿದೆ ಎಂದು ಅವನಿಗೇ ಗೊತ್ತಾದ ದಿನ ಅವನಿಗೆ ಜ್ವರ ಬಂದು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅದು ಏನು, ಅದಕ್ಕೆ ಏನನ್ನುತ್ತಾರೆ, ತನಗೊಬ್ಬನಿಗೇ ಹೀಗೋ, ಯಾರನ್ನು ಕೇಳಬೇಕು? ಊರಲ್ಲಿ ಅಂಥವರಿಗೆ ಇದ್ದದ್ದು ಒಂದೇ ಶಬ್ದ, ‘ಹೆಣ್ಣಿಗ’. ಆ ಶಬ್ದ ಬಿದ್ದವನನ್ನು ಹುಡುಗರು ಕೆರೆಯ ದಾರಿಯಲ್ಲಿ ಏನು ಮಾಡುತ್ತಾರೆ ಎಂದು ಅವನು ಕಣ್ಣಾರೆ ಕಂಡಿದ್ದ. ಅಂದಿನಿಂದ ಅವನು ನಡೆಯುವುದನ್ನು, ಕೈ ಆಡಿಸುವುದನ್ನು, ನಗುವುದನ್ನು ಕೂಡ ತಡೆದು ತಡೆದು ಮಾಡತೊಡಗಿದ. ಮನೆಯವರು ನೋಡಿದರು.

‘‘ನಮ್ಮ ಚಂದ್ರಾಮಗ ನಾಚಿಕಿ ಭಾಳ ನೋಡ್ರಿ,’’ ಎಂದ ಕಾಕಾ ಬಂದ ಬೀಗರೆದುರು, ಹೆಮ್ಮೆಯಿಂದಲೇ. ಹೆಣ್ಣುಮಕ್ಕಳನ್ನು ಕಂಡರೆ ತಲೆ ಎತ್ತದ ಹುಡುಗ ಎಂದರೆ ಒಳ್ಳೆಯ ಹುಡುಗ ತಾನೇ? ಆದರೆ ವರ್ಷ ಕಳೆದಂತೆ ಅದೇ ಹೆಮ್ಮೆ ಚಿಂತೆಯಾಯಿತು. ಗಂಡುಮಗ ಇಷ್ಟು ನಾಚಿದರೆ ನಾಳೆ ಸಂಸಾರ ಹೇಗೆ ಮಾಡುತ್ತಾನೆ?

ಕಾಕಾ ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಕೆಟ್ಟವನಾಗಿದ್ದರೆ ಬೈದು ಕೈ ತೊಳೆದುಕೊಳ್ಳುತ್ತಿದ್ದ, ಚಂದ್ರಾಮ ಸುಖವಾಗಿ ಇರುತ್ತಿದ್ದ. ಅಣ್ಣನ ಮಗ ಎಂದು ಸೋಮನಿಂಗನಿಗಿಂತ ಒಂದು ತುತ್ತು ಹೆಚ್ಚೇ ಹಾಕಿದವನು. ಆ ಪ್ರೀತಿಯಿಂದಲೇ ಅವನು ಒಂದು ಔಷಧ ಹುಡುಕಿದ.

ತೊಂಬತ್ತೈದನೇ ಇಸವಿಯ ಹೋಳಿ. ಬಣ್ಣದ ದಿನ ಮಧ್ಯಾಹ್ನ ತೋಟದ ಬಾವಿಯ ಹತ್ತಿರ ಗಂಡಸರು ಕೂಡಿದ್ದರು. ಬಡಿಯಲು ಎರಡು ಹಲಗಿ, ಒಂದು ಬುಟ್ಟಿ ಚುರುಮುರಿ, ಸಾರಾಯಿ ಪಾಕೀಟು. ಕಾಕಾ ಇಬ್ಬರೂ ಹುಡುಗರನ್ನು ಕರೆದ. ಎರಡು ಸ್ಟೀಲಿನ ಗ್ಲಾಸಿಗೆ ಪಾಕೀಟು ಕಚ್ಚಿ ಸುರಿದು, ಗಿಡದಿಂದ ನಿಂಬೆ ಹರಿದು ಹಿಂಡಿ, ಮುಂದೆ ಹಿಡಿದ.

‘‘ಕುಡೀರ್ಯೋ. ಹೋಳಿ ದಿನ ಏನೂ ಆಗಂಗಿಲ್ಲ. ಎರಡ ಗುಟುಕ ಒಳಗ ಹೋದ್ರ ನಾಚಿಕಿ ತಾನಾ ಬಿಟ್ಟ ಹೋಗ್ತೈತಿ.’’

ಇಬ್ಬರಿಗೂ ಹದಿನೈದು. ಗ್ಲಾಸು ಒಂದೇ ಅಳತೆಯವು, ಪಾಕೀಟು ಒಂದೇ ಅಂಗಡಿಯದು. ಸೋಮನಿಂಗ ಎರಡು ಗುಟುಕಿಗೆ ಮುಖ ಕಿವುಚಿ, ಉಳಿದದ್ದನ್ನು ಮೂಗು ಮುಚ್ಚಿಕೊಂಡು ಸುರಿದುಕೊಂಡು, ಬಾವಿಯ ಹಿಂದೆ ಹೋಗಿ ಎಲ್ಲ ಕಾರಿಕೊಂಡು, ಬೇವಿನ ಕೆಳಗೆ ಮಲಗಿಬಿಟ್ಟ. ಮರುದಿನ ಎದ್ದು ಕ್ರಿಕೆಟ್ ಆಡಲು ಹೋದ. ಅವನ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು.

ಚಂದ್ರಾಮನೂ ಮುಖ ಕಿವುಚಿದ. ಗಂಟಲು ಉರಿಯಿತು. ಆಮೇಲೆ ಎದೆಯಲ್ಲಿ ಎರಡು ವರ್ಷದಿಂದ ಬಿಗಿದುಕೊಂಡಿದ್ದ ಯಾವುದೋ ಗಂಟು ಸಡಿಲವಾಯಿತು. ಹಲಗಿಯ ಸಪ್ಪಳಕ್ಕೆ ಅವನು ಎದ್ದು ಕುಣಿದ. ಕೈ ಹೇಗೆ ಆಡುತ್ತಿದೆ, ಸೊಂಟ ಹೇಗೆ ತಿರುಗುತ್ತಿದೆ ಎಂದು ಅವನು ನೋಡಿಕೊಳ್ಳಲಿಲ್ಲ; ಕುಡಿದವನ ಕುಣಿತವನ್ನು ಯಾರೂ ಹಾಗೆ ನೋಡುವುದಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಕಾಕಾನಿಗೆ ಕಣ್ಣಲ್ಲಿ ನೀರೇ ಬಂತು.

‘‘ನೋಡ್ರಿ, ಹೋತು ನೋಡ್ರಿ ನಮ್ಮ ಹುಡುಗನ ನಾಚಿಕಿ!’’

ಔಷಧ ಹತ್ತಿತು. ಹತ್ತಬಾರದಿತ್ತು. ಅದೇ ಚಂದ್ರಾಮನ ದುರ್ದೈವ.

ತೊಂಬತ್ತಾರರಲ್ಲಿ ಇಬ್ಬರನ್ನೂ ಇಂಡಿಯ ಕಾಲೇಜಿಗೆ ಹಾಕಿದರು, ಇಬ್ಬರಿಗೂ ಕೂಡಿ ಒಂದು ಖೋಲಿ. ವರ್ಗದಲ್ಲಿ ಶಕೀಲ ಎಂಬ ಹುಡುಗನಿದ್ದ, ಇಂಡಿಯಲ್ಲೇ ಬಟ್ಟೆ ವ್ಯಾಪಾರ ಮಾಡುವ ಹಳೆಯ ಮನೆತನದವನು. ಅಕ್ಷರ ಮುತ್ತಿನಂತೆ ಬರೆಯುತ್ತಿದ್ದ. ನೋಟ್ಸು ಕೊಡುತ್ತಿದ್ದ. ಬೇರೆ ಏನೂ ನಡೆಯಲಿಲ್ಲ, ಏನೂ ಆಡಲಿಲ್ಲ. ನಡೆದದ್ದೆಲ್ಲ ಚಂದ್ರಾಮನ ತಲೆಯೊಳಗೆ. ಶಕೀಲನ ಪಕ್ಕ ಬೆಂಚಿನಲ್ಲಿ ಕೂಡಬೇಕು, ಆದರೆ ಮುಖದಲ್ಲಿ ಏನೂ ಕಾಣಬಾರದು. ಮಾತಾಡಬೇಕು, ದನಿ ನಡುಗಬಾರದು. ಇದಕ್ಕೆ ಅವನಿಗೆ ಗೊತ್ತಿದ್ದ ಉಪಾಯ ಒಂದೇ, ಕಾಕಾ ಕಲಿಸಿದ್ದು. ಮೊದಲು ಶನಿವಾರ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಕಾಲೇಜಿಗೆ ಹೋಗುವ ಮುಂಚೆ. ಬಾಯಿ ವಾಸನೆ ಬರಬಾರದೆಂದು ನಿಂಬೆಯ ಸಿಪ್ಪೆ ಅಗಿಯುತ್ತಿದ್ದ.

ಸೋಮನಿಂಗನೂ ಕುಡಿಯುತ್ತಿದ್ದ, ಇಲ್ಲವೆಂದಲ್ಲ. ಪರೀಕ್ಷೆ ಮುಗಿದಾಗ, ಗೆಳೆಯನ ಅಣ್ಣನ ಮದುವೆಯಲ್ಲಿ, ಮ್ಯಾಚು ಗೆದ್ದಾಗ ಐದಾರು ಜನ ಕೂಡಿ ಒಂದು ಬಾಟಲಿ ತಂದು, ಹಾಡಿ, ಜಗಳಾಡಿ, ತಬ್ಬಿಕೊಂಡು, ಮರುದಿನ ತಲೆನೋವಿಗೆ ಮಜ್ಜಿಗೆ ಕುಡಿದು ಮರೆತುಬಿಡುತ್ತಿದ್ದರು. ಚಂದ್ರಾಮ ಒಬ್ಬನೇ ಕುಡಿಯುತ್ತಿದ್ದ. ಅವನು ಕುಡಿದದ್ದು ಹಾಡುವುದಕ್ಕಲ್ಲ, ನಾಲ್ಕು ಜನರ ನಡುವೆ ಹೋಗಿ ಕೂಡುವುದಕ್ಕೆ. ಬೇರೆಯವರಿಗೆ ಬಿಟ್ಟಿಯಾಗಿ ಸಿಕ್ಕಿದ್ದನ್ನು ಅವನು ದಿನಾ ಪಾಕೀಟಿನಿಂದ ತೆಗೆದುಕೊಳ್ಳಬೇಕಾಗಿತ್ತು.

ಶಕೀಲ ಓದಲು ಸೊಲ್ಲಾಪುರಕ್ಕೆ ಹೋದ. ಚಂದ್ರಾಮ ಪಿಯುಸಿಯಲ್ಲಿ ಎರಡು ಸಲ ನಪಾಸಾಗಿ ಊರಿಗೆ ಬಂದ. ಊರು ಕಾರಣ ಹುಡುಕಿತು. ಯಾವುದೋ ಹುಡುಗಿ ಕೈ ಕೊಟ್ಟಾಳ ಎಂದರು! ಆ ಹುಡುಗಿ ಇಂಡಿಯವಳೋ ಸಿಂದಗಿಯವಳೋ ಎಂದು ಕಟ್ಟೆಯ ಮೇಲೆ ವಾದ ಕೂಡ ನಡೆಯಿತು. ಚಂದ್ರಾಮ ಕೇಳಿ ಹಲ್ಲು ಕಡಿದ. ಇಲ್ಲದ ಹುಡುಗಿಗೆ ಇಷ್ಟು ಮರುಗುವ ಜನ, ಇರುವ ಹುಡುಗನನ್ನು ಒಂದು ಮಾತು ಕೇಳಲಿಲ್ಲ.

ಆಮೇಲೆ ಆಣೆಗಳು ಸುರುವಾದವು. ಕಾಕಾ ಅವನನ್ನು ಗುಡಿಗೆ ಕರೆದುಕೊಂಡು ಹೋಗಿ ಭಂಡಾರ ಮುಟ್ಟಿಸಿದ. ದೇವರ ಮುಂದಿನ ಅರಿಶಿನಪುಡಿ ಮುಟ್ಟಿ ಆಡಿದ ಮಾತು ತಪ್ಪಿದರೆ ವಂಶಕ್ಕೇ ತಟ್ಟುತ್ತದೆ ಎಂದು ಆ ಮನೆತನದ ನಂಬಿಕೆ. ಚಂದ್ರಾಮ ಮುಟ್ಟಿದ, ಮನಸಾರೆ ಮುಟ್ಟಿದ. ಹದಿನೆಂಟು ದಿನ ತಡೆದ. ಹತ್ತೊಂಬತ್ತನೇ ದಿನ ಕಟ್ಟೆಯಲ್ಲಿ ಯಾರೋ ಅವನ ನಡಿಗೆ ಅಣಕಿಸಿ ತೋರಿಸಿದರು, ಎಲ್ಲರೂ ನಕ್ಕರು, ಅವನು ನೇರವಾಗಿ ಅಂಗಡಿಗೆ ಹೋದ. ಎರಡನೇ ಸಲ ಭಂಡಾರ, ಮೂರನೇ ಸಲ ಭಂಡಾರ.

‘‘ಸೋಮನಿಂಗನೂ ಕುಡೀತಾನ. ಅವನೇನ ಹಾಳಾಗ್ಯಾನ? ನಿನಗ್ಯಾಕ ತಡಕೊಳ್ಳಾಕ ಬರಂಗಿಲ್ಲ?’’ ಎಂದ ಕಾಕಾ ಮೂರನೆಯ ಸಲ, ಅರಿಶಿನದ ಕೈಯಲ್ಲೇ ಹಣೆ ಬಡಿದುಕೊಂಡು.

ಈ ಪ್ರಶ್ನೆಗೆ ಉತ್ತರ ಇತ್ತು, ಚಂದ್ರಾಮನ ಬಾಯಲ್ಲೇ ಇತ್ತು. ಆದರೆ ಅದನ್ನು ಹೇಳುವ ಧೈರ್ಯ ಬರಬೇಕಾದರೆ ಮೊದಲು ಕುಡಿಯಬೇಕು, ಕುಡಿದು ಹೇಳಿದರೆ ಕುಡುಕನ ಮಾತು. ಹೀಗೊಂದು ಗಾಣಕ್ಕೆ ಬಿದ್ದು ಅವನು ಸುತ್ತಿದ.

ತೊಂಬತ್ತೊಂಬತ್ತರಲ್ಲಿ ಮದುವೆಯ ಮಾತು ಬಂತು. ಹುಡುಗಿ ಭಾಗ್ಯಜ್ಯೋತಿ, ಸೋದರಮಾವನ ಮಗಳು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳದ ಬಾಯಿಯೇ ಇರಲಿಲ್ಲ. ಚಂದ್ರಾಮ ಆಗಲ್ಲ ಎಂದ. ಜೀವನದಲ್ಲಿ ಕುಡಿಯದೆ ಆಡಿದ ಮೊದಲ ಗಟ್ಟಿ ಮಾತು ಅದು. ಒಬ್ಬ ಹುಡುಗಿಯ ಬಾಳನ್ನಾದರೂ ತನ್ನ ಜೊತೆ ಬಾವಿಗೆ ಎಳೆಯಲಿಲ್ಲ ಎಂಬ ಸಮಾಧಾನ ಅವನಿಗೆ ಈಗಲೂ ಇದೆ. ಕಾಕಾ ಮಾತ್ರ ಅಂದು ಬಾಗಿಲಲ್ಲಿ ನಿಂತು ಊರಿಗೆ ಕೇಳುವಂತೆ ಕೂಗಿದ. ‘‘ಹೋಗ ನಾಚಿಕಿಗೇಡಿ! ನಿನಗ ಮಾನ ಇಲ್ಲ, ನಾಚಿಕಿ ಇಲ್ಲ!’’

ಅಂಗಿಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದವನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ನಾಚಿಕೆ ಹೆಚ್ಚಾಯಿತೆಂದು ಕುಡಿಸಿದವನೂ ಕಾಕಾನೇ, ನಾಚಿಕೆ ಇಲ್ಲವೆಂದು ಹೊರಗೆ ಹಾಕಿದವನೂ ಕಾಕಾನೇ.

ನಾಲ್ಕು ವರ್ಷ ಸಿಂದಗಿಯ ಒಂದು ಖಾನಾವಳಿಯಲ್ಲಿ ತಾಟು ತೊಳೆದ, ಹಗಲೆಲ್ಲ ಕೆಲಸ, ರಾತ್ರಿಯೆಲ್ಲ ಕುಡಿತ. ಕಡೆಗೆ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ವಿಜಾಪುರದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಬಿದ್ದ. ಅಲ್ಲಿಗೆ ವಿದ್ಯಾವತಿ ಎಂಬ ಹೆಂಗಸು ಬರುತ್ತಿದ್ದರು, ಏಡ್ಸ್ ತಡೆಯುವ ಯಾವುದೋ ಸಂಸ್ಥೆಯವರು. ಅವರು ಚಂದ್ರಾಮನನ್ನು ನೋಡಿದರು, ಮಾತಾಡಿಸಿದರು, ಅವನು ಬಾಯಿ ಬಿಟ್ಟು ಹೇಳದ್ದನ್ನೂ ತಿಳಿದುಕೊಂಡರು. ಬಿಡುಗಡೆಯಾದ ಮೇಲೆ ಒಂದು ಕೂಟಕ್ಕೆ ಕರೆದರು. ಹೋದ. ಒಂದು ಖೋಲಿ, ಒಂದು ಜಮಖಾನೆ, ಅವನೂ ಸೇರಿ ಹನ್ನೊಂದು ಗಂಡಸರು. ಒಬ್ಬ ಮೇಷ್ಟ್ರು, ಮನೆ ಕಟ್ಟುವ ಒಬ್ಬ ಗೌಂಡಿ, ಇಬ್ಬರು ಮದುವೆಯಾದವರು. ಉಳಿದ ಹತ್ತೂ ಜನ ತನ್ನಂಥವರೇ ಎಂದು ತಿಳಿಯಲು ಅವನಿಗೆ ಅರ್ಧ ತಾಸು ಹಿಡಿಯಿತು. ಅಳು ಬಂತು. ಹತ್ತು ವರ್ಷ ತಾನೊಬ್ಬನೇ ಎಂದುಕೊಂಡಿದ್ದನಲ್ಲ!

ಕುಡಿತದ ಮಾತು ಬಂದಾಗ ವಿದ್ಯಾವತಿ ಮೇಡಮ್ ಸುಮ್ಮನೆ ಕೇಳಿದರು, ‘‘ಮೊದಲ ಯಾವಾಗ ಕುಡದಿದ್ರಿ?’’ ಹದಿನೈದು, ಹದಿನಾಲ್ಕು, ಹದಿನಾರು. ಹನ್ನೊಂದರಲ್ಲಿ ಒಂಬತ್ತು ಜನ ಇನ್ನೂ ಮೀಸೆ ಮೂಡುವ ಮೊದಲೇ ಹಿಡಿದವರು, ಹಿಡಿದು ಬಿಡದವರು. ನಿಮ್ಮ ಜೊತೆ ಓದಿದ ಬೇರೆ ಹುಡುಗರು ಎಂದು ಮೇಡಮ್ ಮತ್ತೆ ಕೇಳಿದರು. ಅವರೂ ಕುಡಿದರು, ಆದರೆ ನಮ್ಮಂಗ ಕುಡೀಲಿಲ್ರಿ ಎಂದ ಗೌಂಡಿ. ಎಲ್ಲರೂ ತಲೆಯಾಡಿಸಿದರು.

ಬಿಟ್ಟ ಕಥೆ ದೊಡ್ಡದಲ್ಲ. ಮೂರು ಭಂಡಾರದ ಆಣೆಗೆ ಆಗದ್ದು ಆ ಜಮಖಾನೆಯ ಮೇಲೆ ಆಯಿತು, ಒಂದೇ ದಿನಕ್ಕಲ್ಲ, ಒಂದೂವರೆ ವರ್ಷಕ್ಕೆ, ಬಿದ್ದು ಎದ್ದು. ಮುಂದೆ ಅದೇ ಸಂಸ್ಥೆ ಅವನಿಗೆ ಕೆಲಸ ಕೊಟ್ಟಿತು. ಬಸವನ ಬಾಗೇವಾಡಿಯಲ್ಲಿ ಬಾಡಿಗೆಯ ಖೋಲಿ ಹಿಡಿದು, ಅಲ್ಲಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಕೆಂಪು ಬಸ್ಸಿನಲ್ಲಿ ತಿರುಗಿ, ತನ್ನಂಥವರನ್ನು ಕಂಡು ಮಾತಾಡಿಸಿ ಫಾರ್ಮ್ ತುಂಬುವ ಕೆಲಸ.

ಆ ಫಾರ್ಮ್ ನೋಡಿದರೆ ಅವನಿಗೆ ಮೈ ಉರಿಯುತ್ತಿತ್ತು. ಅದರಲ್ಲಿ ಇಪ್ಪತ್ತೆರಡು ಕಾಲಂ. ಎಷ್ಟು ಕಾಂಡೋಮ್ ಕೊಟ್ಟಿರಿ, ರಕ್ತ ಪರೀಕ್ಷೆ ಆಯಿತೇ, ಯಾವ ತಾರೀಖು. ಕುಡಿತಕ್ಕೆ ಕಾಲಂ ಇಲ್ಲ. ಹದಿನೆಂಟು ತುಂಬದವರ ಹೆಸರು ಬರೆಯುವಂತೆಯೇ ಇಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಅವನಿಗೆ ಸಿಗುತ್ತಿದ್ದ ಹುಡುಗರಲ್ಲಿ ಅರ್ಧ ಜನಕ್ಕೆ ಹದಿನಾರು ಹದಿನೇಳು. ಹೆಗಲ ಮೇಲೆ ಸಾಲಿಯ ಚೀಲ, ಬಾಯಲ್ಲಿ ಸಾರಾಯಿಯ ವಾಸನೆ. ವಿದ್ಯಾವತಿ ಮೇಡಮ್ ತಮ್ಮದೇ ನೋಟ್‌ಬುಕ್ಕಿನಲ್ಲಿ ಗೀಟೆಳೆದು ಅವನ ಬಾಯಿಂದ ಎಲ್ಲ ಬರೆಸಿಕೊಂಡು ಮೇಲಿನ ಕಚೇರಿಗೆ ಕಳಿಸಿದರು. ಎರಡು ತಿಂಗಳಾದ ಮೇಲೆ ಒಂದು ಸಾಲಿನ ಉತ್ತರ ಬಂತು, ‘ಸದರಿ ವಿಷಯವು ನಮ್ಮ ಯೋಜನೆಯ ವ್ಯಾಪ್ತಿಗೆ ಒಳಪಡುವುದಿಲ್ಲ.’

‘‘ಮತ್ಯಾರ ವ್ಯಾಪ್ತಿಗೆ ಬರ್ತೈತ್ರಿ ಮೇಡಮ್?’’ ಎಂದ ಚಂದ್ರಾಮ. ‘‘ಸಾಲ್ಯಾಗ ಕೇಳಿದ್ರ ಅಂಥಾ ಹುಡುಗ್ರು ನಮ್ಮಲ್ಲಿ ಇಲ್ಲ ಅಂತಾರ. ಮನ್ಯಾಗ ಕೇಳಿದ್ರ ಗೆಳ್ಯಾರ ಸಂಗ ಕೆಟ್ಟದ್ದು ಅಂತಾರ. ನೀವು ವಯಸ್ಸ ಆಗಿಲ್ಲ ಅಂತೀರಿ. ಅಂಗಡಿಯವ ಒಬ್ಬ ನೋಡ್ರಿ, ಏನೂ ಕೇಳದ ಕೊಡ್ತಾನ.’’

ಮೇಡಮ್ ಆ ಕಾಗದವನ್ನು ಮಡಚಿ ನೋಟ್‌ಬುಕ್ಕಿನಲ್ಲಿ ಇಟ್ಟರು. ಅವರ ತಪ್ಪೇನಿತ್ತು ಪಾಪ.

ಎರಡು ಸಾವಿರದ ಆರು, ಮಾರ್ಚ್ ತಿಂಗಳು. ಬಾಗೇವಾಡಿಯ ಖೋಲಿಯ ಕೆಳಗಿನ ಅಂಗಡಿಗೆ ಅಕ್ಕ ಸಿದ್ದವ್ವನ ಫೋನ್ ಬಂತು. ಊರು ಬಿಟ್ಟ ಮೇಲೂ ತಮ್ಮನ ಜೊತೆ ಮಾತು ಬಿಡದವಳು ಅವಳೊಬ್ಬಳೇ.

‘‘ಹೋಳಿಗೆ ಕಾಕಾನ ಮನಿಗೆ ಹೊಂಟೇನಿ. ನೀನೂ ಬಾರೋ ತಮ್ಮಾ. ಕಾಕಾಗ ವಯಸ್ಸಾತು, ಈಗ ಏನೂ ಅನ್ನಂಗಿಲ್ಲ. ನಮ್ಮ ಅಮಿತನೂ ಅಲ್ಲೇ ಅದಾನಲ್ಲ.’’

ಅಮಿತ ಅವಳ ಒಬ್ಬನೇ ಮಗ, ಹತ್ತನೆಯ ಇಯತ್ತೆ. ಅವನನ್ನು ನಾಲತವಾಡದಿಂದ ತೆಗೆದು ಝಳಕಿಯ ಸಾಲಿಗೆ ಹಾಕಿದ್ದು ಚಂದ್ರಾಮನಿಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ.

‘‘ಅವನ್ಯಾಕ ಅಲ್ಲಿ ಬಿಟ್ಟಿ ಅಕ್ಕಾ?’’

‘‘ಅವರಪ್ಪನ ಹಟ. ಹುಡುಗ ಬರೇ ಅಡಗಿಮನ್ಯಾಗ ನನ್ನ ಬೆನ್ನಿಗೇ ಇರ್ತಾನ, ಹುಡುಗರ ಜೋಡಿ ಬೆರೆಯಂಗಿಲ್ಲ, ಅಜ್ಜನ ಊರಾಗ ಇದ್ದು ಗಟ್ಟಿ ಆಗ್ಲಿ ಅಂತ.’’ ಆಮೇಲೆ ಅಕ್ಕ ನಕ್ಕಳು. ‘‘ನಿನ್ನಂಗ ನೋಡು. ನಾಚಿಕಿ ಭಾಳ. ಈ ಹೋಳಿಗೆ ಅವನ ನಾಚಿಕಿ ಬಿಡಸ್ತೇನಿ ಅಂತ ಕಾಕಾ ಹೇಳ್ಯಾನ.’’

ಚಂದ್ರಾಮನಿಗೆ ಆ ಸ್ಟೀಲಿನ ಗ್ಲಾಸು ಕಣ್ಣಿಗೆ ಕಟ್ಟಿತು. ಅಕ್ಕನಿಗೆ ಫೋನಿನಲ್ಲಿ ಏನು ಹೇಳುವುದು? ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರು. ಬರ್ತೇನಿ ಎಂದಷ್ಟೇ ಹೇಳಿ ಇಟ್ಟ.

ಬಣ್ಣದ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ಅವನು ದಾರಿಯುದ್ದಕ್ಕೂ ಮಾತು ಕಟ್ಟಿದ. ಏಳು ವರ್ಷದ ಮೇಲೆ ಆ ಊರಿಗೆ ಹೋಗುತ್ತಿದ್ದ. ಆ ಗ್ಲಾಸು ಅಮಿತನ ಕೈಗೆ ಹೋಗಬಾರದು. ಬೇರೆ ಏನೂ ಅವನಿಗೆ ಬೇಕಾಗಿರಲಿಲ್ಲ. ಹುಡುಗರ ಎದುರು ದಿನಾ ಆಡುವ ಮಾತನ್ನು ಕಾಕಾನ ಎದುರು ಒಂದು ಸಲ ಆಡಿದರೆ ಮುಗಿಯಿತು ಎಂದುಕೊಂಡ. ಝಳಕಿಯಲ್ಲಿ ಇಳಿದವನು ಬಿಸಿಲಲ್ಲಿ ನಡೆದೇ ಹೋದ.

ಅದೇ ಬಾವಿ, ಅದೇ ಬೇವು, ಅದೇ ನಿಂಬೆಯ ವಾಸನೆ. ಈ ಸಲ ಹಿಂದೆ ತಿರುಗದೆ ಒಳಗೆ ನಡೆದ. ಕಾಕಾ ಮುದುಕನಾಗಿದ್ದ, ಇವನನ್ನು ಕಂಡು ‘‘ಬಾ’’ ಎಂದ, ಅಷ್ಟೇ. ಸೋಮನಿಂಗ ಎದ್ದು ಬಂದು ತಬ್ಬಿಕೊಂಡ. ಎರಡು ಮಕ್ಕಳ ತಂದೆ, ನಿಂಬೆಯ ವ್ಯಾಪಾರ, ಬೊಜ್ಜು ಬಂದಿತ್ತು. ಅವನ ಕೈಯಲ್ಲೂ ಒಂದು ಗ್ಲಾಸು, ಹೋಳಿಯದು, ನಾಳೆಗೆ ಇರುವುದಿಲ್ಲ. ಸಿದ್ದವ್ವ ಬುಟ್ಟಿಯಲ್ಲಿ ರೊಟ್ಟಿ ಹೊತ್ತು ತಂದು ಅಲ್ಲೇ ಬದುವಿಗೆ ಕುಳಿತಿದ್ದಳು.

ಅಮಿತ ದೂರದಲ್ಲಿ ನಿಂತಿದ್ದ. ತೆಳ್ಳನೆಯ ಹುಡುಗ, ಎರಡೂ ಕೈ ಚಡ್ಡಿಯ ಕಿಸೆಯೊಳಗೆ ಗಟ್ಟಿಯಾಗಿ ಇಟ್ಟುಕೊಂಡಿದ್ದ. ಕೈ ಯಾಕೆ ಹಾಗೆ ಇಟ್ಟುಕೊಳ್ಳುತ್ತಾರೆ ಎಂದು ಚಂದ್ರಾಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾಕಾ ಅಮಿತನನ್ನೂ ಮಗ್ಗಲ ಮನೆಯ ಅವನದೇ ವಾರಿಗೆಯ ಹುಡುಗನನ್ನೂ ಕರೆದ. ಪಾಕೀಟು ಕಚ್ಚಿದ. ನಿಂಬೆ ಹಿಂಡಿದ. ಮಗ್ಗಲ ಮನೆಯ ಹುಡುಗ ಒಂದು ಗುಟುಕು ಬಾಯಿಗೆ ಹಾಕಿಕೊಂಡು ‘‘ಥೂ, ಯಪ್ಪಾ!’’ ಎಂದು ಉಗುಳಿ, ಬಣ್ಣದ ಪಿಚಕಾರಿ ಹಿಡಿದು ಓಡಿಯೇ ಹೋದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನನ್ನು ಯಾರೂ ತಡೆಯಲಿಲ್ಲ, ಅವನಿಗೆ ಬಿಡಿಸಬೇಕಾದ ನಾಚಿಕೆ ಯಾವುದೂ ಇರಲಿಲ್ಲ. ಉಳಿದ ಗ್ಲಾಸು ಅಮಿತನ ಕಡೆ ತಿರುಗಿತು.

‘‘ತಗೋ. ನಿಮ್ಮಪ್ಪಗ ಮಾತ ಕೊಟ್ಟೇನಿ. ಎರಡ ಗುಟುಕ ಹೋದ್ರ ನಾಚಿಕಿ ತಾನಾ...’’

‘‘ಕಾಕಾ, ಕೊಡಬ್ಯಾಡ,’’ ಎಂದ ಚಂದ್ರಾಮ.

ಹಲಗಿ ನಿಂತಿತು.

‘‘ನನಗೂ ನೀ ಇದನ್ನ ಕೊಟ್ಟಿ. ನನಗ ನಾಚಿಕಿ ಇರಲಿಲ್ಲ ಕಾಕಾ. ಅಂಜಿಕಿ ಇತ್ತು. ನೀವೆಲ್ಲಾ ಅದಕ ನಾಚಿಕಿ ಅಂತ ಹೆಸರ ಇಟ್ಟ್ರಿ.’’

‘‘ಅಂಜಿಕಿ? ಯಾರನ್ನ ಕಂಡ್ರ ಅಂಜಿಕಿ?’’ ಎಂದಳು ಸಿದ್ದವ್ವ.

‘‘ನಿಮ್ಮನ್ನ ಕಂಡ್ರ ಅಕ್ಕಾ. ನಿಮ್ಮೆಲ್ಲಾರನ್ನ ಕಂಡ್ರ. ನಾ ಹುಡುಗೇರನ್ನ ನೋಡಾವಲ್ಲ. ಹುಟ್ಟಿದ್ದಾ ಹಂಗ. ಅದು ನಿಮಗ ಗೊತ್ತಾದ್ರ ಮನಿ ಬಿಡಸ್ತೀರಿ ಅಂತ ಹದಿಮೂರು ವರ್ಷದವ ಇದ್ದಾಗಿಂದ ಅಂಜಿದೆ. ಕುಡದ್ರ ಅಂಜಿಕಿ ಹೋಗ್ತಿತ್ತು, ಕುಡದೆ. ಸೋಮನಿಂಗಗ ಅಂಜಿಕಿ ಇರಲಿಲ್ಲ, ಅವ ಬಿಟ್ಟ. ನನಗ ಬಿಡಾಕ ಆಗಲಿಲ್ಲ. ಅಮಿತಗ ಕೊಡಬ್ಯಾಡ್ರಿ, ಅವನೂ ನನ್ನಂಗ ಅಂಜ್ಯಾನ.’’

ಹೇಳಿಬಿಟ್ಟ. ಹದಿಮೂರು ವರ್ಷ ಒಳಗಿಟ್ಟ ಮಾತು. ಹೇಳಿ ಮುಗಿಸಿದ ಕ್ಷಣವೇ ತಾನು ಏನು ಮಾಡಿದೆ ಎಂದು ಅವನಿಗೆ ಹೊಳೆಯಿತು. ಎಲ್ಲರ ಕಣ್ಣು ಅವನ ಮೇಲೆ ಇರಲಿಲ್ಲ. ಅಮಿತನ ಮೇಲಿದ್ದವು. ‘ನನ್ನಂಗ’ ಎಂಬ ಆ ಒಂದು ಶಬ್ದವನ್ನು ನುಂಗಿಕೊಂಡು ಉಳಿದದ್ದನ್ನೆಲ್ಲ ಹೇಳಬಹುದಾಗಿತ್ತು.

ಅಮಿತನ ಮುಖ ಕೆಂಪಾಯಿತು. ಕಿಸೆಯಿಂದ ಕೈ ಹೊರಗೆ ಬಂತು. ‘‘ನಾ ಯಾಕ ಇವನಂಗ ಇರ್ಲಿ?’’ ಎಂದವನೇ ಕಾಕಾನ ಕೈಯಿಂದ ಗ್ಲಾಸು ಕಸಿದುಕೊಂಡು ಒಂದೇ ಉಸಿರಿಗೆ ಎತ್ತಿದ. ಖಾಲಿ ಗ್ಲಾಸನ್ನು ನೆಲಕ್ಕೆ ಇಟ್ಟ.

‘‘ಭಲೇ!’’ ಎಂದ ಕಾಕಾ. ಅವನ ಜೀವಕ್ಕೆ ನಿರಾಳವಾಗಿತ್ತು. ‘‘ನೋಡಿದ್ರ್ಯಾ? ಹೋತು ನಾಚಿಕಿ! ಈ ನಾಚಿಕಿಗೇಡಿ ಬಂದು ಏನೇನೋ ಬಡಬಡಸ್ತಾನ.’’ ಹಲಗಿ ಮತ್ತೆ ಸುರುವಾಯಿತು. ಜನ ನಕ್ಕರು. ಸೋಮನಿಂಗ ಮಾತ್ರ ತನ್ನ ಗ್ಲಾಸಿನೊಳಗೆ ನೋಡುತ್ತ ನಿಂತ, ಆಮೇಲೆ ಅದನ್ನು ಬಾವಿಯ ಕಟ್ಟೆಯ ಮೇಲೆ ಹಾಗೇ ಬಿಟ್ಟು ಮನೆಯ ಕಡೆ ನಡೆದ.

ಚಂದ್ರಾಮನಿಗೆ ಬೈಗುಳ ಕೇಳಿಸಲಿಲ್ಲ. ಅವನು ಹುಡುಗನ ಮುಖ ನೋಡುತ್ತಿದ್ದ. ಆ ಮುಖ ಕಿವುಚಿರಲಿಲ್ಲ. ಮೊದಲ ಸಲ ಕುಡಿದವರು ಎಲ್ಲರೂ ಮುಖ ಕಿವುಚುತ್ತಾರೆ. ಸೋಮನಿಂಗ ಕಿವುಚಿದ್ದ, ತಾನೂ ಕಿವುಚಿದ್ದ, ಈಗ ಮಗ್ಗಲ ಮನೆಯ ಹುಡುಗ ಉಗುಳಿದ್ದ. ಅಮಿತನ ಹುಬ್ಬು ಕೂಡ ಅಲುಗಿರಲಿಲ್ಲ. ಬದುವಿನ ಮೇಲೆ ಸಿದ್ದವ್ವ ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಕಲ್ಲಾಗಿದ್ದಳು. ಅವಳೂ ಅದನ್ನೇ ನೋಡಿದ್ದಳು.

ಚಂದ್ರಾಮ ತೋಟದ ಇನ್ನೊಂದು ತುದಿಗೆ ಹೋಗಿ ಕುಳಿತ. ಸಿಟ್ಟು ಯಾರ ಮೇಲೆ ಮಾಡಬೇಕು ತಿಳಿಯಲಿಲ್ಲ. ಕಾಕಾನ ಮೇಲೋ, ಫಾರ್ಮಿನ ಮೇಲೋ, ತನ್ನ ಬಾಯಿಯ ಮೇಲೋ. ಅರ್ಧ ತಾಸು ಕಳೆದಿರಬೇಕು, ಒಣ ಎಲೆ ತುಳಿದುಕೊಂಡು ಅಮಿತ ಬಂದ. ಕಣ್ಣು ಕೆಂಪಾಗಿದ್ದವು.

‘‘ನಿನಗ್ಯಾರ ಕೇಳಿದ್ರು ಮಾಮಾ? ಎಲ್ಲಾರ ಮುಂದ ನನ್ನ ಹೆಸರ ಯಾಕ ತಗದಿ?’’

‘‘ತಪ್ಪಾತೋ. ಖರೇನ ತಪ್ಪಾತು.’’

ಹುಡುಗ ಹೋಗಲಿಲ್ಲ. ಕಾಲಿನಿಂದ ಮಣ್ಣು ಕೆದರುತ್ತ ನಿಂತ.

‘‘ಯಾವಾಗಿಂದ ಕುಡ್ಯಾಕತ್ತಿ?’’ ಎಂದು ಕೇಳಿದ ಚಂದ್ರಾಮ. ಬೈಯುವ ದನಿ ಅದಾಗಿರಲಿಲ್ಲ.

‘‘ದೀಪಾವಳಿಯಿಂದ. ಸಾಲಿಗೆ ಹೋಗೂ ಮುಂದ.’’ ಆಮೇಲೆ ತನಗೇ ಹೇಳಿಕೊಂಡಂತೆ ಅಂದ. ‘‘ಕುಡದ್ರ ಅಂಜಿಕಿ ಬರಂಗಿಲ್ಲ ಮಾಮಾ.’’

ಎಲ್ಲರೆದುರು ತಾನು ಹಾಗಲ್ಲ ಎಂದು ಗ್ಲಾಸು ಎತ್ತಿದ ಹುಡುಗ ಈಗ ಅಂಜಿಕಿ ಎಂಬ ಶಬ್ದವನ್ನು ತಾನಾಗಿಯೇ ಆಡಿದ್ದ. ಚಂದ್ರಾಮ ತನ್ನ ಪಕ್ಕದ ನೆಲವನ್ನು ಕೈಯಿಂದ ಒರೆಸಿದ. ಹುಡುಗ ಕುಳಿತ. ಬದುವಿನ ಕಡೆಯಿಂದ ಸಿದ್ದವ್ವ ಬಂದಳು, ಬುಟ್ಟಿ ಇಳಿಸಿ ಇಬ್ಬರ ಎದುರೂ ರೊಟ್ಟಿ ಇಟ್ಟಳು. ನಿಂಬೆಯ ಉಪ್ಪಿನಕಾಯಿ ತೆಗೆಯಲು ಹೋದ ಕೈ ನಡುವೆಯೇ ನಿಂತಿತು. ತಮ್ಮನ ಮುಖ ನೋಡಿ, ಆ ಬರಣಿಯನ್ನು ದೂರ ಸರಿಸಿ, ಅವಳೂ ಅಲ್ಲೇ ಮಣ್ಣಿನಲ್ಲಿ ಕುಳಿತಳು.

‘‘ನಂದೂ ಹಂಗಾ ಆತು ನೋಡು,’’ ಎಂದ ಚಂದ್ರಾಮ ಅಮಿತನಿಗೆ. ‘‘ಮೊದಲ ಕುಡದ್ರ ಅಂಜಿಕಿ ಹೋಗ್ತಿತ್ತು. ಆಮ್ಯಾಲೆ ಕುಡೀದಿದ್ರ ಅಂಜಿಕಿ ಬರಾಕತ್ತಿತು.’’